ಬಾವಿಕಟ್ಟೆಯ ಮಗು



ಪುಟ್ಟ ಮಗುವೊಂದು ಅಂಬೆಗಾಲಿಡುತ್ತ ಬಾವಿಯ ಅಂಚಿಗೆ ಬಂದುಬಿಟ್ಟಿದೆ. ಇನ್ನೇನು ಬಿತ್ತು ಅನ್ನುವ ಹೊತ್ತಿಗೆ ದಾರಿಹೋಕರೊಬ್ಬರ ಕಣ್ಣಿಗೆ ಅದು ಬೀಳುತ್ತದೆ. ಅವರು ಎಂಥವರೇ ಆಗಿರಲಿ, ಎದೆ ಝಲ್ಲೆನ್ನದೆ ಇರುವುದಿಲ್ಲ. ಮಗುವಿನ ಅಪ್ಪ ಅಮ್ಮನ ಸ್ನೇಹ ಸಿಗಲಿ ಎಂಬ ಆಸೆಯಿಂದಲ್ಲ, ಊರವರು ಹೊಗಳಲಿ ಎಂದೂ ಅಲ್ಲ. ಅಷ್ಟೆಲ್ಲ ಯೋಚಿಸಲು ಅಲ್ಲಿ ಸಮಯವೇ ಇಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚೀನಾದಲ್ಲಿ ಮೆನ್ಶಿಯಸ್ ಎಂಬ ಚಿಂತಕ ಈ ಉದಾಹರಣೆ ಕೊಟ್ಟು, ಮರುಕ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಯಾರೂ ಹೊರಗಿನಿಂದ ತಂದು ತುಂಬಿದ್ದಲ್ಲ ಎಂದು ವಾದಿಸಿದ. ಅವನ ನಂತರದ ತಲೆಮಾರಿನಲ್ಲಿ, ಅದೇ ಕನ್ಫ್ಯೂಷಿಯಸ್‌ನ ಪರಂಪರೆಗೆ ಸೇರಿದ ಷುನ್‌ಜಿ ಇದನ್ನು ಪೂರ್ತಿ ಅಲ್ಲಗಳೆದ. ಮನುಷ್ಯನ ಹುಟ್ಟುಸ್ವಭಾವ ಸ್ವಾರ್ಥದ್ದು, ಒಳ್ಳೆಯತನವೆಲ್ಲ ಗುರುಹಿರಿಯರು ತಿದ್ದಿ ತೀಡಿ ಕಲಿಸಿದ್ದು ಎಂಬುದು ಅವನ ನಿಲುವು.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾದೆ ಹೇಳುವ ನಾವೇ, ಸಹವಾಸದಿಂದ ಸನ್ಯಾಸಿ ಕೆಟ್ಟ ಎಂದೂ ಹೇಳುತ್ತೇವೆ. ಎರಡೂ ಮಾತಿಗೆ ನಮ್ಮ ಅನುಭವದ ಬೆಂಬಲವಿದೆ. ಆದ್ದರಿಂದಲೇ ಈ ಪ್ರಶ್ನೆಯನ್ನು ಬರೀ ಮಾತಿನಲ್ಲಿ ಬಿಡಿಸುವುದು ಕಷ್ಟ. ಕಳೆದ ನೂರು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಇದನ್ನು ಮಕ್ಕಳ ನಡುವೆ ಇಟ್ಟು ನೋಡಲು ಪ್ರಯತ್ನಿಸಿದ್ದಾರೆ. ನಾನು ರೇಡಿಯೊದಲ್ಲಿ ಈ ಮಾತಾಡುತ್ತಿರುವುದು ಮೈಸೂರಿನಿಂದ. 1935ರಲ್ಲಿ ಈ ಊರಿನಲ್ಲಿ, ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ತೆರೆದ ದಾರಿಯಲ್ಲಿ ನಿಂತು ಅವರದೇ ಶಾಸ್ತ್ರದ ವಿಷಯ ಮಾತಾಡುವಾಗ ಅವರನ್ನು ನೆನೆಯಬೇಕು ಅನ್ನಿಸಿತು.

ಮೊದಲು ಜರ್ಮನಿಯ ಒಂದು ಕೋಣೆಗೆ ಹೋಗೋಣ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಒಂದೂವರೆ ವರ್ಷದ ಮಗು ಅಮ್ಮನ ಹತ್ತಿರ ಕೂತಿದೆ. ಮಗುವಿಗೆ ಗುರುತಿಲ್ಲದ ವ್ಯಕ್ತಿಯೊಬ್ಬ ಎರಡೂ ಕೈತುಂಬ ಪತ್ರಿಕೆಗಳ ಕಟ್ಟು ಹೊತ್ತುಕೊಂಡು ಬೀರುವಿನ ಕಡೆಗೆ ಬರುತ್ತಾನೆ. ಬೀರುವಿನ ಬಾಗಿಲು ಹಾಕಿದೆ. ಅವನು ಬಾಗಿಲಿಗೆ ಢಿಕ್ಕಿ ಹೊಡೆಯುತ್ತಾನೆ, ಹಿಂದೆ ಸರಿಯುತ್ತಾನೆ, ಮತ್ತೆ ಹೋಗಿ ತಾಗುತ್ತಾನೆ. ಸಹಾಯ ಮಾಡು ಎಂದು ಕೇಳುವುದಿಲ್ಲ. ಮಗು ನೋಡುತ್ತದೆ. ಆಮೇಲೆ ಎದ್ದು, ಇನ್ನೂ ಪೂರ್ತಿ ಹದಕ್ಕೆ ಬಾರದ ಆ ನಡಿಗೆಯಲ್ಲೇ ಬೀರುವಿನ ಹತ್ತಿರ ಹೋಗಿ, ಬಾಗಿಲು ತೆರೆದು, ತಲೆ ಎತ್ತಿ ಅವನ ಮುಖ ನೋಡುತ್ತದೆ. ಇಂಥ ಹಲವು ಸಂದರ್ಭಗಳಲ್ಲಿ 24 ಮಕ್ಕಳ ಪೈಕಿ 22 ಮಕ್ಕಳು ಒಮ್ಮೆಯಾದರೂ ನೆರವಿಗೆ ಬಂದವು. ಬಟ್ಟೆಯ ಕ್ಲಿಪ್ಪು ಕೈತಪ್ಪಿ ಬಿದ್ದರೆ ಎತ್ತಿಕೊಟ್ಟವು. ಅದೇ ಕ್ಲಿಪ್ಪನ್ನು ಬೇಕೆಂದೇ ಬಿಸಾಡಿದಾಗ ಹೆಚ್ಚಿನವು ಸುಮ್ಮನಿದ್ದವು. ಇನ್ನೊಬ್ಬರಿಗೆ ಏನು ಬೇಕಾಗಿದೆ, ಯಾವುದರಲ್ಲಿ ಅವರು ಸೋಲುತ್ತಿದ್ದಾರೆ ಎಂಬುದು ಆ ವಯಸ್ಸಿಗೇ ಗೊತ್ತಾಗುತ್ತದೆ ಎಂದಾಯಿತು.

ಎರಡು ವರ್ಷದ ನಂತರ ಅವರೇ ಮಾಡಿದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯ. ನೆರವಾದ ಕೆಲವು ಮಕ್ಕಳಿಗೆ ಪ್ರತಿ ಸಲವೂ ಆಟದ ಸಾಮಾನು ಬಹುಮಾನವಾಗಿ ಕೊಟ್ಟರು. ಕೆಲವರನ್ನು ಬಾಯಿಮಾತಿನಲ್ಲಿ ಹೊಗಳಿದರು. ಇನ್ನು ಕೆಲವರಿಗೆ ಏನೂ ಇಲ್ಲ. ಆಮೇಲೆ ಬಹುಮಾನ ನಿಲ್ಲಿಸಿ ನೋಡಿದಾಗ, ಬಹುಮಾನ ಪಡೆದಿದ್ದ ಮಕ್ಕಳೇ ಕಡಿಮೆ ಸಹಾಯ ಮಾಡಿದವು. ಏನೂ ಪಡೆಯದ ಮಕ್ಕಳು ಮೊದಲಿನ ಹಾಗೆಯೇ ಎದ್ದು ಹೋಗಿ ನೆರವಾದವು. ಒಳ್ಳೆಯ ಗುಣ ಹೊರಗಿನಿಂದಲೇ ಬರುವುದಾಗಿದ್ದರೆ ಬಹುಮಾನ ಅದನ್ನು ಬಲಪಡಿಸಬೇಕಿತ್ತು. ಆದದ್ದು ಅದರ ವಿರುದ್ಧ. "ಅಜ್ಜಿಗೆ ನೀರು ತಂದುಕೊಡು, ಚಾಕೊಲೇಟ್ ಕೊಡ್ತೀನಿ" ಎಂದು ಹೇಳುವ ಅಭ್ಯಾಸವಿರುವ ತಾಯಂದಿರು, ತಂದೆಯರು ಇದನ್ನು ದಯವಿಟ್ಟು ಯೋಚಿಸಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇನ್ನೊಂದು ಪ್ರಯೋಗ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಕಣ್ಣಂಟಿಸಿದ ಮರದ ತುಂಡೊಂದು ಗುಡ್ಡ ಹತ್ತಲು ಒದ್ದಾಡುತ್ತದೆ, ಇನ್ನೊಂದು ಕೆಳಗಿನಿಂದ ತಳ್ಳಿ ನೆರವಾಗುತ್ತದೆ, ಮತ್ತೊಂದು ಮೇಲಿನಿಂದ ನೂಕಿ ಅಡ್ಡಿ ಮಾಡುತ್ತದೆ. ಆಮೇಲೆ ಎರಡನ್ನೂ ಮುಂದಿಟ್ಟಾಗ ಆರು ತಿಂಗಳ, ಹತ್ತು ತಿಂಗಳ ಕೂಸುಗಳು ನೆರವಾದ ತುಂಡಿಗೇ ಕೈ ಚಾಚಿದವು ಎಂದು 2007ರಲ್ಲಿ ವರದಿಯಾಯಿತು. ಮಗು ತೊಟ್ಟಿಲಿನಲ್ಲೇ ನ್ಯಾಯ ಹೇಳುತ್ತದೆ ಎಂದು ಪತ್ರಿಕೆಗಳು ಬರೆದವು. ಇತ್ತೀಚೆಗೆ ಹಲವು ದೇಶಗಳ 37 ಪ್ರಯೋಗಾಲಯಗಳು ಸೇರಿ ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಕರೆತಂದು ಅದನ್ನೇ ಮಾಡಿ ನೋಡಿದಾಗ ಅಂಥ ಒಲವು ಕಾಣಲಿಲ್ಲ. ಸುಮಾರು ಅರ್ಧ ಕೂಸುಗಳು ಇದನ್ನು ಹಿಡಿದವು, ಅರ್ಧ ಅದನ್ನು. ಆದ್ದರಿಂದ ಕೂಸಿಗೆ ಒಳ್ಳೆಯವರು ಕೆಟ್ಟವರು ಯಾರೆಂದು ತೀರ್ಮಾನಿಸುವ ಶಕ್ತಿ ಹುಟ್ಟಿನಿಂದ ಇದೆ ಎಂದು ನಾನು ಹೇಳಲಾರೆ. ಒದ್ದಾಡುತ್ತಿರುವವರನ್ನು ಕಂಡು ಎದ್ದು ಹೋಗುವ ಒಲವು ಬಹಳ ಬೇಗ, ಪಾಠ ಹೇಳುವ ಮೊದಲೇ ಬರುತ್ತದೆ ಎನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿದೆ.

ಆ ಒಲವಿಗೆ ಮೆದುಳಿನ ನೆಲೆಯೂ ಬೇಕು. 1999ರಲ್ಲಿ ಅಮೆರಿಕದ ಅಯೋವಾದ ವೈದ್ಯರು ಇಬ್ಬರ ಬಗ್ಗೆ ಬರೆದರು. ಒಬ್ಬರಿಗೆ ಹದಿನೈದು ತಿಂಗಳಿದ್ದಾಗ ವಾಹನ ಹರಿದು, ಇನ್ನೊಬ್ಬರಿಗೆ ಮೂರು ತಿಂಗಳಿನಲ್ಲಿ ಗೆಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಹಣೆಯ ಹಿಂಭಾಗದ ಮೆದುಳಿಗೆ ಪೆಟ್ಟಾಗಿತ್ತು. ಓದಿದ, ಅಕ್ಕರೆಯ ಮನೆಗಳಲ್ಲಿ ಬೆಳೆದರೂ, ಬುದ್ಧಿಶಕ್ತಿ ಸಾಮಾನ್ಯ ಮಟ್ಟದಲ್ಲಿದ್ದರೂ, ಸುಳ್ಳು ಕಳವುಗಳಿಗೆ ಪಶ್ಚಾತ್ತಾಪ ಪಡುವುದು ಅವರಿಗೆ ಬರಲೇ ಇಲ್ಲ. ಎಷ್ಟು ಹೇಳಿಕೊಟ್ಟರೂ ಹಿಡಿದಿಟ್ಟುಕೊಳ್ಳುವ ಜಾಗವೇ ಇಲ್ಲದಂತಾಗಿತ್ತು.

ಹಾಗಾದರೆ ಕಲಿಕೆಯ ಪಾಲು ಎಷ್ಟು? ಬಹಳ ದೊಡ್ಡದು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಪುಸ್ತಕಕ್ಕಾಗಿ ಬೀದಿಯಲ್ಲಿ ಗೋಲಿಯಾಡುವ ಮಕ್ಕಳ ಜೊತೆ ಕೂತು, ಈ ಆಟದ ನಿಯಮ ಮಾಡಿದವರು ಯಾರು, ಅದನ್ನು ಬದಲಾಯಿಸಬಹುದೇ ಎಂದು ಕೇಳುತ್ತಿದ್ದರು. ಚಿಕ್ಕವರಿಗೆ ನಿಯಮವೆಂದರೆ ದೊಡ್ಡವರಿಂದಲೋ ದೇವರಿಂದಲೋ ಬಂದದ್ದು, ಮುಟ್ಟುವಂತಿಲ್ಲ. ಹತ್ತು ಹನ್ನೆರಡರ ಹುಡುಗರಿಗೆ ಅದು ತಾವೇ ಒಪ್ಪಿಕೊಂಡು ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಾಗಬಹುದು. ಇದರ ಜೊತೆಗೆ ಪಿಯಾಜೆ ಎರಡು ಕಥೆ ಹೇಳುತ್ತಿದ್ದರು. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ತಟ್ಟೆಯಲ್ಲಿ ಹದಿನೈದು ಕಪ್ಪುಗಳಿರುವುದು ಅವನಿಗೆ ಗೊತ್ತಿಲ್ಲ, ಎಲ್ಲ ಒಡೆಯುತ್ತವೆ. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮು ಕದಿಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ತಪ್ಪು ಯಾರದು ಹೆಚ್ಚು? ಚಿಕ್ಕ ಮಕ್ಕಳು ಹದಿನೈದು ಕಪ್ಪಿನ ಕಡೆ ಬೊಟ್ಟು ಮಾಡುತ್ತಾರೆ, ದೊಡ್ಡ ಮಕ್ಕಳು ಜಾಮಿನ ಕಡೆ. ಈ ಬದಲಾವಣೆಗೆ ಕಾರಣ ದೊಡ್ಡವರ ಉಪದೇಶಕ್ಕಿಂತ ಹೆಚ್ಚಾಗಿ ಓರಗೆಯವರ ಜೊತೆಗಿನ ಜಗಳ, ರಾಜಿ, ಮತ್ತೆ ಆಟ ಎಂದು ಪಿಯಾಜೆ ತಿಳಿದಿದ್ದರು. ಅವರು ಹೇಳಿದ ವಯಸ್ಸುಗಳ ಲೆಕ್ಕವನ್ನು ಆಮೇಲಿನವರು ತಿದ್ದಿದ್ದಾರೆ. ಓರಗೆಯವರ ಬಗ್ಗೆ ಅವರು ಹೇಳಿದ್ದು ಮಾತ್ರ ನನಗೆ ಈಗಲೂ ಒಪ್ಪಿಗೆಯಾಗುತ್ತದೆ.

ಯಾವುದು ತಪ್ಪು ಎಂಬ ಪಟ್ಟಿಯೂ ಊರಿನಿಂದ ಊರಿಗೆ ಬದಲಾಗುತ್ತದೆ. ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು ಒಡಿಶಾದ ಭುವನೇಶ್ವರದ ಹಳೆಯ ದೇವಸ್ಥಾನದ ಪೇಟೆಯಲ್ಲೂ ಅಮೆರಿಕದ ಶಿಕಾಗೊದಲ್ಲೂ ಮಕ್ಕಳಿಗೆ, ದೊಡ್ಡವರಿಗೆ 39 ಸಂದರ್ಭಗಳನ್ನು ಹೇಳಿ ತೂಗಿಸಿದರು. 1987ರಲ್ಲಿ ಅದು ಪ್ರಕಟವಾಯಿತು. ತಂದೆ ತೀರಿಕೊಂಡ ಮರುದಿನ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ ಎಂಬುದು ಭುವನೇಶ್ವರದ ಬ್ರಾಹ್ಮಣ ಮಕ್ಕಳ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು. ಶಿಕಾಗೊದ ಮಕ್ಕಳಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ದಾರಿಯಲ್ಲಿ ಮಲಗಿದ್ದ ನಾಯಿಗೆ ಸುಮ್ಮಸುಮ್ಮನೆ ಒದೆಯುವುದು, ಮಗನಿಗೆ ಕೊಟ್ಟ ಮಾತಿಗೆ ತಂದೆ ತಪ್ಪುವುದು, ಇವು ಎರಡೂ ಊರಿನಲ್ಲಿ ತಪ್ಪೇ.

ಇದೇ ಬಗೆಯ ಅಧ್ಯಯನ ನಮ್ಮ ಮೈಸೂರಿನಲ್ಲೂ ನಡೆಯಿತು. ಜೋನ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಸಂಗಡಿಗರ ಜೊತೆ ಮೈಸೂರಿನ ಶಾಲಾಮಕ್ಕಳನ್ನೂ ಕಾಲೇಜು ಓದುವವರನ್ನೂ ಅಮೆರಿಕದ ನ್ಯೂಹೇವನ್ ಊರಿನವರ ಜೊತೆ ಹೋಲಿಸಿ ನೋಡಿದರು. 1990 ಮತ್ತು 1992ರಲ್ಲಿ ಅವು ಪ್ರಕಟವಾದವು. ಅಪ್ಪ ಅಮ್ಮ, ಗೆಳೆಯ, ಅಪರಿಚಿತ, ಇವರಲ್ಲಿ ಒಬ್ಬರಿಗೆ ನೆರವು ಬೇಕಾಗಿದೆ, ನೀವು ಮಾಡಲಿಲ್ಲ. ಅದು ತಪ್ಪೋ, ನಿಮ್ಮಿಷ್ಟಕ್ಕೆ ಬಿಟ್ಟದ್ದೋ? ಪ್ರಾಣ ಹೋಗುವ ಸಂದರ್ಭದಲ್ಲಿ ನೆರವಾಗದಿರುವುದು ಎರಡೂ ಊರಿನವರಿಗೆ ತಪ್ಪು. ಸಣ್ಣಪುಟ್ಟ ನೆರವಿನ ವಿಷಯಕ್ಕೆ ಬಂದಾಗ ಅಮೆರಿಕದವರು, ಅದು ಅವರವರ ಇಷ್ಟ ಎಂದರು. ಮೈಸೂರಿನವರು ಅದೂ ಕರ್ತವ್ಯವೇ ಎಂದರು, ಅಪರಿಚಿತರ ವಿಷಯದಲ್ಲೂ ಬಹುಮಟ್ಟಿಗೆ ಹಾಗೇ ಹೇಳಿದರು.

ಎರಡನೆಯ ಅಧ್ಯಯನದ ಒಂದು ಕಥೆ ಕೇಳಿ. ಪ್ರಾಣಸ್ನೇಹಿತನ ಮದುವೆ. ಮದುವೆಯ ಉಂಗುರ ತಲುಪಿಸುವ ಹೊಣೆ ಇವನದು. ರೈಲ್ವೆ ನಿಲ್ದಾಣದಲ್ಲಿ ಪರ್ಸು ಕಳವಾಗಿದೆ, ಟಿಕೆಟ್ಟಿಗೆ ಹಣವಿಲ್ಲ, ಯಾರೂ ಸಾಲ ಕೊಡುತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಅನುಕೂಲಸ್ಥನೊಬ್ಬ ಕೋಟು ಬಿಟ್ಟು ಎದ್ದು ಹೋಗಿದ್ದಾನೆ, ಜೇಬಿನಲ್ಲಿ ಟಿಕೆಟ್ಟು ಕಾಣುತ್ತಿದೆ. ತೆಗೆದುಕೊಳ್ಳಬೇಕೇ? ನಮ್ಮವರಲ್ಲಿ ಬಹುಪಾಲು ಜನ ಸ್ನೇಹಿತನಿಗೆ ಕೊಟ್ಟ ಮಾತು ಉಳಿಯಲಿ ಎಂದರು. ಅಮೆರಿಕದವರಲ್ಲಿ ಹಾಗೆ ಹೇಳಿದವರು ಅರ್ಧಕ್ಕಿಂತ ಕಡಿಮೆ. ಇನ್ನೊಬ್ಬರ ಟಿಕೆಟ್ಟು ಕದಿಯಬಾರದು ಎನ್ನುವುದು ಅವರಲ್ಲಿ ಹೆಚ್ಚಿನವರ ಉತ್ತರ. ಇದರಲ್ಲಿ ಒಬ್ಬರು ನೀತಿವಂತರು, ಇನ್ನೊಬ್ಬರು ನೀತಿಗೆಟ್ಟವರು ಎಂದು ಹೇಳಲು ನನಗೆ ಮನಸ್ಸಿಲ್ಲ. ಕಳವು ತಪ್ಪು, ಮಾತಿಗೆ ತಪ್ಪುವುದೂ ತಪ್ಪು ಎಂಬುದು ಇಬ್ಬರಿಗೂ ಗೊತ್ತು. ಎರಡು ಎದುರುಬದುರಾದಾಗ ಯಾವುದಕ್ಕೆ ಮೊದಲ ಮಣೆ ಎಂಬುದನ್ನು ಬೆಳೆದ ಊರು ಹೇಳಿಕೊಟ್ಟಿದೆ.

ನಮ್ಮ ಗೋವಿನ ಹಾಡಿನ ಕಥೆಯನ್ನು ಮೂರು ವರ್ಷದ ಮಗುವಿಗೆ ಹೇಳುವಾಗ ಅದರ ಮುಖ ನೋಡಿ. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಟಾಗ ಮಗುವಿನ ಕಣ್ಣು ತುಂಬುತ್ತದೆ. ಹೋಗಬೇಡ ಅಂತ ಹೇಳು ಎಂದು ನಮ್ಮನ್ನೇ ಬೇಡುತ್ತದೆ. ಕರುವಿನ ಮೇಲಿನ ಆ ಮರುಕವನ್ನು ನಾವು ಕಲಿಸಿಲ್ಲ. ತನ್ನನ್ನು ತಿನ್ನಲಿರುವ ಹುಲಿಗೂ ಕೊಟ್ಟ ಮಾತು ಮಾತೇ ಎಂಬುದು ಮಾತ್ರ ಯಾವ ಮಗುವಿಗೂ ತಾನಾಗಿ ಹೊಳೆಯುವಂಥದ್ದಲ್ಲ. ಅದನ್ನು ಹೇಳಿಕೊಡಲು ಇಷ್ಟು ಉದ್ದದ, ಇಷ್ಟು ನೋವಿನ ಕಥೆ ಬೇಕಾಯಿತು. ವೈರಿಯ ಕಡೆಗೂ ನೀತಿ ಇರಬೇಕು ಎಂಬುದು ಕಲಿತೇ ಬರಬೇಕಾದದ್ದು.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತಿಗೆ ಬರುತ್ತೇನೆ. ಹುಟ್ಟಿನಿಂದ ಬರುವ ಮರುಕಕ್ಕೆ ಒಂದು ಎಲ್ಲೆ ಬಹಳ ಬೇಗ ಬೀಳುತ್ತದೆ. ಬಾಸ್ಟನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಹತ್ತು ತಿಂಗಳ ಕೂಸುಗಳಿಗೆ ಪರದೆಯ ಮೇಲೆ ಇಬ್ಬರು ಹೆಂಗಸರನ್ನು ತೋರಿಸಿದರು. ಒಬ್ಬಾಕೆ ಇಂಗ್ಲಿಷ್ ಮಾತಾಡಿದಳು, ಇನ್ನೊಬ್ಬಾಕೆ ಫ್ರೆಂಚ್. ಆಮೇಲೆ ಇಬ್ಬರೂ ಮಾತಿಲ್ಲದೆ, ನಗುನಗುತ್ತ ಒಂದೇ ಥರದ ಆಟಿಕೆ ಚಾಚಿದರು. ಬಾಸ್ಟನ್ನಿನ ಕೂಸುಗಳು ಹೆಚ್ಚಾಗಿ ಇಂಗ್ಲಿಷ್ ಹೆಂಗಸಿನ ಕಡೆಯ ಆಟಿಕೆ ಹಿಡಿದವು, ಪ್ಯಾರಿಸ್ಸಿನವು ಫ್ರೆಂಚ್ ಹೆಂಗಸಿನ ಕಡೆಯದು. ಕ್ಯಾಥರೀನ್ ಕಿಂಜ್ಲರ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಪದವನ್ನೂ ಆಡಲು ಬಾರದ ಕೂಸಿಗೆ ಆಗಲೇ ನಮ್ಮವರು, ಬೇರೆಯವರು ಎಂಬ ಭೇದ!

ಕುವೆಂಪು ಅವರು, ಹುಟ್ಟುವ ಮಗು ವಿಶ್ವಮಾನವ, ಆಮೇಲೆ ಜಾತಿ ಮತಗಳ ಕಟ್ಟು ಹಾಕಿ ನಾವೇ ಅದನ್ನು ಕುಗ್ಗಿಸುತ್ತೇವೆ ಎಂದು ನಂಬಿದ್ದರು. ಈ ಪ್ರಯೋಗದ ಮುಂದೆ ಅವರ ನಂಬಿಕೆ ಉಳಿಯುತ್ತದೆಯೇ? ಉಳಿಯುತ್ತದೆ ಎಂದೇ ನನ್ನ ತಿಳಿವಳಿಕೆ. ಇಂಗ್ಲೆಂಡಿನಲ್ಲಿ 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಗತಾನೇ ಹುಟ್ಟಿದ ಬಿಳಿಯರ ಕೂಸುಗಳು ಯಾವ ಬಣ್ಣದ ಮುಖವನ್ನಾದರೂ ಒಂದೇ ರೀತಿ ನೋಡಿದವು. ಮೂರು ತಿಂಗಳಾಗುವ ಹೊತ್ತಿಗೆ ತಮ್ಮವರ ಬಣ್ಣದ ಮುಖವನ್ನೇ ಹೆಚ್ಚು ಹೊತ್ತು ನೋಡತೊಡಗಿದ್ದವು. ಮರುವರ್ಷ ಇಸ್ರೇಲಿನಿಂದ ಇನ್ನೊಂದು ಅಧ್ಯಯನ ಬಂತು. ಇಥಿಯೋಪಿಯಾದಲ್ಲೇ ಇದ್ದ ಕೂಸುಗಳಿಗೆ ಕಪ್ಪು ಮುಖದ ಕಡೆ ಒಲವು, ಇಸ್ರೇಲಿನ ಬಿಳಿಯ ಕೂಸುಗಳಿಗೆ ಬಿಳಿಯ ಮುಖದ ಕಡೆ ಒಲವು. ಇಥಿಯೋಪಿಯಾದಿಂದ ಬಂದು ಇಸ್ರೇಲಿನಲ್ಲಿ ನೆಲೆಸಿದ ಕುಟುಂಬಗಳ ಕೂಸುಗಳು ಎರಡೂ ಬಣ್ಣದವರ ನಡುವೆ ಬೆಳೆಯುತ್ತಿದ್ದವು. ಅವುಗಳಿಗೆ ಮಾತ್ರ ಭೇದವಿರಲಿಲ್ಲ. ಅಂದರೆ ನಮ್ಮವರು ಯಾರು ಎಂಬುದನ್ನು ಮಗು ಹೊಟ್ಟೆಯಿಂದ ಹೊತ್ತು ತರುವುದಿಲ್ಲ. ಯಾರ ಯಾರ ತೋಳಿನಲ್ಲಿ ಆಡಿತೋ ಅವರೆಲ್ಲ ಅದಕ್ಕೆ ನಮ್ಮವರು.

ಮರುಕವನ್ನು ಕಲಿಸುವ ಅಗತ್ಯ ಹೆಚ್ಚಿಲ್ಲ. ಅದು ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ಮಾತ್ರ ನಾವು ಬಹಳ ಶ್ರದ್ಧೆಯಿಂದ ಕಲಿಸಿದ್ದೇವೆ. ನನ್ನನ್ನು ಕಾಡುವ ಸಂಗತಿ ಇದು. ಬಾವಿಗೆ ಬೀಳುವ ಮಗುವನ್ನು ಕಂಡು ಓಡುವ ಮನುಷ್ಯನೇ, ಅಸ್ಪೃಶ್ಯಳೆನಿಸಿಕೊಂಡ ಆ ಮಗುವಿನ ತಾಯಿ ಅದೇ ಬಾವಿಯಲ್ಲಿ ನೀರು ಸೇದಲು ಬಂದರೆ ಕೊಡ ಕಿತ್ತು ಎಸೆಯುತ್ತಿದ್ದ. ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟುವುದಕ್ಕೆ 1927ರಲ್ಲಿ ಅಂಬೇಡ್ಕರ್ ಅವರು ಸಾವಿರಾರು ಜನರನ್ನು ಕರೆದುಕೊಂಡು ಹೋಗಬೇಕಾಯಿತು. ನೀರು ಮುಟ್ಟಿದ ಮೇಲೆ ಆ ಜನರ ಮೇಲೆ ಹಲ್ಲೆಯಾಯಿತು. ಕೆರೆಯನ್ನು ಶುದ್ಧಿ ಮಾಡಿಸಿದರು. ಅದನ್ನು ಮಾಡಿದವರು ಮರುಕವಿಲ್ಲದೆ ಹುಟ್ಟಿದವರಲ್ಲ. ಅವರ ಮನೆಯಲ್ಲೂ ಅಳುವ ಮಗುವನ್ನು ಎತ್ತಿಕೊಳ್ಳುವವರಿದ್ದರು. "ಅವರನ್ನು ಮುಟ್ಟಬೇಡ, ಮೈಲಿಗೆ" ಎಂದು ನಾಲ್ಕು ವರ್ಷಕ್ಕೇ ಹೇಳಿಸಿಕೊಂಡು, ಮುಟ್ಟಿದರೆ ಸ್ನಾನ ಮಾಡಿಸಿಕೊಂಡು, ಮುಟ್ಟದಿದ್ದಾಗ ಮೆಚ್ಚುಗೆ ಪಡೆದು ಬೆಳೆದವರು ಅವರು. ಇಂದಿಗೂ ಕೆಲವು ಹೋಟೆಲುಗಳಲ್ಲಿ ಬೇರೆ ಲೋಟ ಇಟ್ಟ ಸುದ್ದಿ ಓದಿದಾಗ, ಆ ಲೋಟ ಇಟ್ಟ ಕೈಗೆ ಅದನ್ನು ಯಾವ ವಯಸ್ಸಿನಲ್ಲಿ ಯಾರು ಕಲಿಸಿದರೋ ಎಂದು ನನಗೆ ಸಂಕಟವಾಗುತ್ತದೆ.

ಕಲಿತದ್ದನ್ನು ಬಿಡಿಸಬಹುದೇ? ಅದಕ್ಕೂ ನಮ್ಮ ದೇಶದ್ದೇ ಒಂದು ಸಾಕ್ಷಿಯಿದೆ. ದೆಹಲಿಯಲ್ಲಿ ಸರ್ಕಾರದಿಂದ ಅಗ್ಗದ ಬೆಲೆಗೆ ಜಾಗ ಪಡೆದ ದೊಡ್ಡ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಕೊಡಬೇಕು ಎಂಬ ಆದೇಶ 2007ರಲ್ಲಿ ಜಾರಿಗೆ ಬಂತು. ಆಗ ಒಂದೇ ಶಾಲೆಯಲ್ಲಿ, ಕೆಳಗಿನ ತರಗತಿಗಳಲ್ಲಿ ಶ್ರೀಮಂತರ ಮಕ್ಕಳ ಜೊತೆ ಬಡವರ ಮಕ್ಕಳೂ ಇದ್ದರು, ಮೇಲಿನ ತರಗತಿಗಳಲ್ಲಿ ಇರಲಿಲ್ಲ. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಈ ಎರಡು ಬಗೆಯ ತರಗತಿಗಳನ್ನು ಹೋಲಿಸಿದರು. ಬಡ ಸಹಪಾಠಿಗಳ ಜೊತೆ ಓದಿದ ಶ್ರೀಮಂತ ಮಕ್ಕಳು ಕೈಯೆತ್ತಿ ಕೊಡುವುದರಲ್ಲಿ ಮುಂದಿದ್ದರು, ಸೇವಾಕಾರ್ಯಕ್ಕೆ ಹೆಚ್ಚು ಸಲ ಮುಂದೆ ಬಂದರು. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸಿಕೊಳ್ಳಿ ಎಂದಾಗ, ವೇಗವಾಗಿ ಓಡುವ ಬಡ ಹುಡುಗನನ್ನು ಬಿಟ್ಟು ನಿಧಾನ ಓಡುವ ಶ್ರೀಮಂತ ಹುಡುಗನನ್ನು ಆರಿಸಿಕೊಳ್ಳುವುದು ಅವರಲ್ಲಿ ಕಡಿಮೆಯಾಗಿತ್ತು. ಇಂಗ್ಲಿಷಿನ ಅಂಕ ಸ್ವಲ್ಪ ಇಳಿದಿತ್ತು ಎಂಬುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಹಿಂದಿ, ಗಣಿತಗಳಲ್ಲಿ ವ್ಯತ್ಯಾಸವಿರಲಿಲ್ಲ.

ಅದರಲ್ಲಿ ಒಂದು ಸೂಕ್ಷ್ಮ ನನಗೆ ಬಹಳ ಹಿಡಿಸಿತು. ಕೆಲವು ಶಾಲೆಗಳಲ್ಲಿ ಒಟ್ಟಿಗೆ ಕೂತು ಓದುವ ಗುಂಪುಗಳನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ಮಾಡುತ್ತಿದ್ದರು. ಹೆಸರು ಹತ್ತಿರ ಹತ್ತಿರ ಬಂದವರು ಒಂದೇ ಗುಂಪು. ಯಾವ ಹುಡುಗನ ಹೆಸರಿನ ಪಕ್ಕಕ್ಕೆ ಬಡ ಹುಡುಗನ ಹೆಸರು ಬಂದಿತೋ ಅವನಲ್ಲಿ ಬದಲಾವಣೆ ಎದ್ದು ಕಂಡಿತು. ನೀತಿಪಾಠದ ಪುಸ್ತಕ ಎಲ್ಲರಿಗೂ ಸಿಗುತ್ತದೆ. ಇವನಿಗೆ ಹೆಚ್ಚಾಗಿ ಸಿಕ್ಕದ್ದು ಪಕ್ಕದಲ್ಲಿ ಕೂತು ಪೆನ್ಸಿಲ್ ಕೇಳುವ, ಜಗಳವಾಡುವ, ಮತ್ತೆ ಆಟಕ್ಕೆ ಕರೆಯುವ ಒಬ್ಬ ಜೊತೆಗಾರ.

ಗೌತಮ್ ರಾವ್ ಅವರ ಅಧ್ಯಯನ ಪ್ರಕಟವಾದದ್ದು 2019ರಲ್ಲಿ, ನಮ್ಮ ರಾಜ್ಯದಲ್ಲಿ ಇದಕ್ಕೆ ವಿರುದ್ಧವಾದ ಬದಲಾವಣೆ ಆದ ವರ್ಷದಲ್ಲೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಮ್ಮ ರಾಜ್ಯದ ಖಾಸಗಿ ಶಾಲೆಗಳಲ್ಲೂ ನೂರಕ್ಕೆ ಇಪ್ಪತ್ತೈದು ಸೀಟು ಬಡ ಮಕ್ಕಳಿಗೆ ಸಿಗುತ್ತಿದ್ದವು. 2019–20ನೇ ಶೈಕ್ಷಣಿಕ ವರ್ಷದಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂಬ ನಿಯಮ ಬಂತು, ಪ್ರವೇಶ ಪಡೆಯುವ ಮಕ್ಕಳ ಸಂಖ್ಯೆ ಕುಸಿಯಿತು. ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ ಎಂಬ ಕಾಳಜಿ ಅದರ ಹಿಂದಿತ್ತು. ಆ ಕಾಳಜಿ ನನಗೂ ಇದೆ. ಆಗ ಚರ್ಚೆ ನಡೆದದ್ದೆಲ್ಲ ಬಡ ಮಕ್ಕಳಿಗೆ ಇದರಿಂದ ಏನು ನಷ್ಟ, ಸರ್ಕಾರಕ್ಕೆ ಎಷ್ಟು ಉಳಿತಾಯ ಎಂಬುದರ ಮೇಲೆ. ಅನುಕೂಲಸ್ಥರ ಮಕ್ಕಳು ಏನು ಕಳೆದುಕೊಳ್ಳುತ್ತಾರೆ ಎಂದು ಕೇಳಿದ ದನಿ ನನ್ನ ಕಿವಿಗೆ ಬೀಳಲಿಲ್ಲ. ಆ ನಿಯಮವನ್ನು ಇನ್ನೊಮ್ಮೆ ಪರಿಶೀಲಿಸುವುದಾದರೆ ಈ ಪ್ರಶ್ನೆಯನ್ನೂ ಮೇಜಿನ ಮೇಲಿಡಬೇಕೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.